ತೌಡಿಗೆ ಮಾರಿದ ತಮ್ಮ

ಮಕ್ಕಳನ್ನು ಪ್ರೀತಿಯಿಂದ ಹೇಗೆ ಕೆಡಿಸಬೇಕೆಂದು ಕಲಿಯುವ ಆಸೆ ಯಾರಿಗಾದರೂ ಇದ್ದಿದ್ದರೆ ಅವರು ನಮ್ಮ ಮನೆಗೆ ಬರಬೇಕಿತ್ತು. ಹೊಡೆದು ಬಡಿದು ಕೆಡಿಸುವುದು ಎಲ್ಲರಿಗೂ ಗೊತ್ತು, ಅದಕ್ಕೆ ಜಾಣತನ ಬೇಕಿಲ್ಲ. ಪ್ರೀತಿಯಿಂದ ಕೆಡಿಸಲು ಮನೆ ತುಂಬ ಜನ ಬೇಕು, ಆ ಜನರೆಲ್ಲರ ಎದೆಯಲ್ಲಿ ಒಂದೇ ಹೆದರಿಕೆ ಇರಬೇಕು. ನಮ್ಮಲ್ಲಿ ಎರಡೂ ಇದ್ದವು. ನಾನು ಐದು ಮಕ್ಕಳನ್ನು ಹೆತ್ತು ಸಾಕಿದವಳು, ಈಗ ಮೊಮ್ಮಕ್ಕಳ ಕೈಯಲ್ಲಿ ಬೈಸಿಕೊಳ್ಳುತ್ತಿರುವವಳು. ಈ ವಿಷಯದಲ್ಲಿ ನನ್ನ ಮಾತನ್ನು ಅಲ್ಲಗಳೆಯುವವರು ಕಡಿಮೆ. ಅಲ್ಲಗಳೆದರೂ ನಾನು ಕೇಳುವವಳಲ್ಲ.

ನಮ್ಮ ಮನೆ ಬೈಲಹೊಂಗಲದಿಂದ ಸಂಪಗಾಂವಕ್ಕೆ ಹೋಗುವ ಹಾದಿಯ ಒಂದು ಸಣ್ಣ ಊರಿನಲ್ಲಿತ್ತು. ಕರಿಮಣ್ಣಿನ ಹೊಲ, ಹತ್ತಿ, ಬಿಳಿಜೋಳ, ಎರಡು ಜೋಡಿ ಎತ್ತು. ಈ ಶತಮಾನ ಆಗಿನ್ನೂ ಎಳೆಯದಾಗಿತ್ತು, ನಾನೂ ಎಳೆಯವಳಾಗಿದ್ದೆ. ಮನೆಯ ಆಡಳಿತವೆಲ್ಲ ಆಯಿಯದು. ಆಯಿ ಎಂದರೆ ಅಪ್ಪನ ತಾಯಿ. ಅವಳ ಕೈಕೆಳಗೆ ಅಪ್ಪ, ಅವ್ವ, ಇಬ್ಬರು ಕಾಕಂದಿರು, ಅವರ ಹೆಂಡಿರು. ಕಾಕಂದಿರಿಗೆ ಇನ್ನೂ ಮಕ್ಕಳಾಗಿರಲಿಲ್ಲ. ಹೀಗಾಗಿ ಮನೆಯಲ್ಲಿ ಕೂಸು ಕೂರಿಸಿಕೊಳ್ಳಲು ಖಾಲಿ ಸೊಂಟಗಳು ಬೇಕಾದಷ್ಟಿದ್ದವು, ಕೂಸು ಮಾತ್ರ ಒಂದೇ.

ಚೊಚ್ಚಲು ನಾನು. ನನ್ನ ಬೆನ್ನಿಗೆ ಎರಡು ಗಂಡುಮಕ್ಕಳು ಹುಟ್ಟಿ ಎರಡೂ ಹೋದವು. ಒಂದು ಜ್ವರಕ್ಕೆ, ಇನ್ನೊಂದು ವಾಂತಿಭೇದಿಗೆ. ಆದರೆ ಆಯಿ ಬೇರೆಯೇ ಕಾರಣ ಕಂಡುಹಿಡಿದಿದ್ದಳು. ಎರಡೂ ಕೂಸುಗಳು ಅಂಗಳದಲ್ಲಿ ತಪ್ಪುಹೆಜ್ಜೆ ಇಡತೊಡಗಿದ ತಿಂಗಳೊಪ್ಪತ್ತಿನಲ್ಲೇ ತೀರಿಕೊಂಡಿದ್ದವು. ನೆರೆಮನೆಯವರು ನೋಡಿ, "ಎಷ್ಟ ಚಂದ ನಡೀತೈತಿ ಕೂಸ!" ಎಂದಿದ್ದರು. ನಡೆಯುವ ಕೂಸು ಕಣ್ಣಿಗೆ ಬೀಳುತ್ತದೆ, ಕಣ್ಣಿಗೆ ಬಿದ್ದದ್ದು ಉಳಿಯುವುದಿಲ್ಲ ಎಂದು ಆಯಿ ತೀರ್ಮಾನ ಮಾಡಿಬಿಟ್ಟಳು. ಎರಡು ಮೊಮ್ಮಕ್ಕಳನ್ನು ಮಣ್ಣು ಮಾಡಿದ ಮುದುಕಿಗೆ ಎದುರಾಡುವವರು ಯಾರು?

ಆದ್ದರಿಂದ ಮೂರನೆಯ ಗಂಡು, ಈ ನನ್ನ ತಮ್ಮ, ಹುಟ್ಟಿದ ಐದನೆಯ ದಿನವೇ ಮಾರಾಟವಾದ. ನಮ್ಮ ಕಡೆ ಇದು ಹೊಸದಲ್ಲ. ಮಕ್ಕಳು ಉಳಿಯದ ಮನೆಯವರು, ಮಕ್ಕಳೆಲ್ಲ ಉಳಿದಿರುವ ಬೇರೊಬ್ಬ ಹೆಂಗಸಿಗೆ ಕೂಸನ್ನು ಒಂದು ಮೊರ ತೌಡಿಗೆ ಮಾರುತ್ತಾರೆ. ಸಾವು ಹುಡುಕಿಕೊಂಡು ಬಂದರೆ "ಇದು ನಮ್ಮದಲ್ಲ" ಎಂದು ಹೇಳಿ ಸಾಗಹಾಕಬೇಕಲ್ಲ, ಅದಕ್ಕೆ. ಕೆರೆದಂಡೆಯ ಕುಂಬಾರಗಿತ್ತಿಗೆ ಆರು ಮಕ್ಕಳು, ಆರೂ ಗಟ್ಟಿಮುಟ್ಟು. ಅವಳು ಹಿತ್ತಲ ಬಾಗಿಲಿಗೆ ಬಂದು ತೌಡು ಸುರಿದಳು. ಖಾಲಿಯಾದ ಮೊರದಲ್ಲಿ ಕೂಸನ್ನು ಮಲಗಿಸಿಕೊಂಡು, ಮನೆಯನ್ನು ಸುತ್ತಿ ಮುಂಬಾಗಿಲಿಗೆ ಬಂದು, "ನನ್ನ ಕೂಸನ್ನ ಒಂದಿಷ್ಟ ದಿನಾ ಸಾಕ್ಕೋತ ಇರ್ರಿ" ಎಂದು ಆಯಿಯ ಕೈಗಿಟ್ಟು ಹೋದಳು. ನಾಲ್ಕು ವರ್ಷ ತುಂಬಿದ ಮೇಲೆ ತೌಡು ತಿರುಗಿ ಕೊಟ್ಟು ಕೊಂಡುಕೊಳ್ಳುವುದೆಂದು ಮಾತಾಯಿತು.

ಅಲ್ಲಿಂದ ಮುಂದೆ ಆಯಿಯ ಕಟ್ಟಳೆಗಳು ಸುರುವಾದವು. ಯಾರೇ ಕೇಳಲಿ, ಕೂಸು ಕುಂಬಾರರದು. ಹೆಸರು ಹಿಡಿದು ಕರೆಯುವಂತಿಲ್ಲ, "ಅದು" ಎನ್ನಬೇಕು. ಅದರ ಮುಖ ನೋಡಿ ಮಾತಾಡಬಾರದು, ನಕ್ಕರೆ ನಗಬಾರದು. ಕಾಲು ನೆಲಕ್ಕೆ ತಾಗಬಾರದು. ತಾಯಿಯ ಕಣ್ಣು ಎಲ್ಲರ ಕಣ್ಣಿಗಿಂತ ಮೊದಲು ತಾಗುತ್ತದೆಂದು ನಮ್ಮವರ ನಂಬಿಕೆ. ಅದಕ್ಕಾಗಿ ಅವ್ವ ಹಾಲು ಕುಡಿಸುವಾಗ ಆಯಿ ಎದುರಿಗೆ ಕೂತು, ಕೂಸಿನ ಮುಖದ ಮೇಲೆ ಸೆರಗು ಮುಚ್ಚಿಸುತ್ತಿದ್ದಳು. ಹಾಲು ಕುಡಿದದ್ದೇ ತಡ, ಕೂಸು ಆಯಿಯ ಸೊಂಟಕ್ಕೆ. ಅಲ್ಲಿಂದ ಚಿಕ್ಕಮ್ಮನ ಸೊಂಟಕ್ಕೆ, ಅಲ್ಲಿಂದ ಇನ್ನೊಬ್ಬ ಚಿಕ್ಕಮ್ಮನ ಸೊಂಟಕ್ಕೆ, ಯಾರೂ ಇಲ್ಲದಾಗ ನನ್ನ ಸೊಂಟಕ್ಕೆ. ಅಪ್ಪನಂತೂ ಎತ್ತಿಕೊಳ್ಳುವ ಪ್ರಶ್ನೆಯೇ ಇರಲಿಲ್ಲ. ಹಿರಿಯರ ಎದುರಿಗೆ ಹೆತ್ತ ಮಗನನ್ನು ಮುದ್ದಾಡುವ ಗಂಡಸನ್ನು ಆಗ ನಾಚಿಕೆಗೆಟ್ಟವನು ಎನ್ನುತ್ತಿದ್ದರು.

ನನಗೆ ಈ ಯಾವ ಕಟ್ಟಳೆಯೂ ಇರಲಿಲ್ಲ. ಹೆಣ್ಣುಕೂಸಿಗೆ ದೃಷ್ಟಿ ತಾಗುವುದಿಲ್ಲವಂತೆ. ತಾಗುವುದಾದರೂ ಹೇಗೆ, ಯಾರಾದರೂ ನೋಡಿದ್ದರೆ ತಾನೆ? ನಾನು ಹತ್ತು ತಿಂಗಳಿಗೆ ನಡೆದೆನಂತೆ, ವರ್ಷ ತುಂಬುವ ಮೊದಲೇ "ರೊಟ್ಟಿ" ಎಂದೆನಂತೆ. ಅನ್ನದಿದ್ದರೆ ಕೊಡುವವರು ಯಾರಿದ್ದರು! ಬಿದ್ದೆ, ಎದ್ದೆ, ಎಮ್ಮೆಯ ಬಾಲ ಹಿಡಿದು ನಿಂತೆ, ಒದೆಸಿಕೊಂಡೆ. ಹೀಗೆ ಯಾರೂ ಬೆಳೆಸದೆಯೇ ನಾನು ಬೆಳೆದುಬಿಟ್ಟೆ. ನನ್ನ ತಮ್ಮನನ್ನು ಎಂಟು ಜನ ಸೇರಿ ಬೆಳೆಸಿದರು, ಅವನು ಬೆಳೆಯಲೇ ಇಲ್ಲ.

ಮೂರು ದಾಟಿದರೂ ಅವನು ನಿಲ್ಲುತ್ತಿರಲಿಲ್ಲ. ಕಾಲು ಹಿಂಡಿದ ಬಟ್ಟೆಯ ಹಾಗೆ ಸೊಂಟದಿಂದ ಜೋತುಬಿದ್ದಿರುತ್ತಿದ್ದವು. ಬಾಯಿಂದ ಒಂದು ಮಾತಿಲ್ಲ. ಬೇಕಾದದ್ದರ ಕಡೆಗೆ ಬೆರಳು ತೋರಿಸುತ್ತಿದ್ದ, ಬೆರಳು ಪೂರ್ತಿ ನೆಟ್ಟಗಾಗುವ ಮೊದಲೇ ಅದು ಅವನ ಕೈಯಲ್ಲಿರುತ್ತಿತ್ತು. ಬಾಯಾರುವ ಮೊದಲು ನೀರು, ಹಸಿಯುವ ಮೊದಲು ತುತ್ತು. ಮಾತಾಡುವ ಕಷ್ಟವನ್ನು ಅವನು ಯಾಕೆ ತೆಗೆದುಕೊಳ್ಳಬೇಕು? ಮನೆಯವರಿಗೆ ಇದು ಹೊಳೆಯಲಿಲ್ಲ. ನಾಲಿಗೆಗೆ ಬಜೆ ಬೇರು ತೇಯ್ದು ಹಚ್ಚಿದರು. ಗಿಳಿ ಕಚ್ಚಿದ ಪೇರಲ ಹಣ್ಣು ಹುಡುಕಿ ತಂದು ತಿನ್ನಿಸಿದರು. ಗುಡಿಯ ಗಂಟೆಯಲ್ಲಿ ನೀರು ಹಾಕಿ ಕುಡಿಸಿದರು. ಕಾಲಿಗೆ ಎಣ್ಣೆ ತಿಕ್ಕಿ ತಿಕ್ಕಿ ಆಯಿಯ ಅಂಗೈ ನುಣ್ಣಗಾದವು. ಎಣ್ಣೆ ತಿಕ್ಕಿಯಾದ ಮೇಲೆ ಮತ್ತೆ ಎತ್ತಿ ಸೊಂಟದ ಮೇಲೆ ಕೂರಿಸಿಕೊಳ್ಳುತ್ತಿದ್ದರು.

ಕೊನೆಗೆ ಆಯಿ ಸೋತಳು. ಕೂಸು ಮೂಕ, ಕುಂಟ ಎಂದು ಒಪ್ಪಿಕೊಂಡಳು. ಒಪ್ಪಿಕೊಂಡು ಸುಮ್ಮನಾಗಲಿಲ್ಲ, ಅಪ್ಪನಿಗೆ ಎರಡನೆಯ ಮದುವೆಯ ಮಾತು ತೆಗೆದಳು. ಮನೆತನಕ್ಕೆ ಒಬ್ಬ ಗಂಡುಮಗ ಬೇಕಲ್ಲ. ರಾಮದುರ್ಗದ ಕಡೆಯ ಒಂದು ಮನೆಯಲ್ಲಿ ಹುಡುಗಿ ಇದ್ದಾಳೆಂದು ತಿಳಿಯಿತು. ಗಂಡುಸಂತಾನ ಇಲ್ಲದ ಮನೆಯಾದರೆ ಕೊಡುತ್ತೇವೆ ಎಂದು ಅವರು ಹೇಳಿಕಳಿಸಿದರು. ಇಲ್ಲ ಎಂದು ಆಯಿ ಹೇಳಿಕಳಿಸಿದಳು. ಅವಳ ಪ್ರಕಾರ ಅದು ಸುಳ್ಳಲ್ಲ. ಇದ್ದದ್ದು ಕುಂಬಾರರದು, ಮೇಲಾಗಿ ಮೂಕ. ಅಪ್ಪ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ, ತಲೆ ಬಗ್ಗಿಸಿಕೊಂಡು ಎತ್ತಿನ ಮೈ ತೊಳೆಯುತ್ತ ಕೂತ. ಆ ಸಿಟ್ಟು ನನಗೆ ಇನ್ನೂ ಹೋಗಿಲ್ಲ.

ಅವ್ವ ಯಾರ ಎದುರಿಗೂ ಅಳಲಿಲ್ಲ. ಕುಟ್ಟುವಾಗ ಬೀಸುವಾಗ ಜೊತೆಗೆ ನಾನೊಬ್ಬಳೇ ಇದ್ದರೆ ಮಾತ್ರ ಬಾಯಿ ಬಿಡುತ್ತಿದ್ದಳು. ಒಂದು ದಿನ ಬೀಸುಕಲ್ಲು ನಿಲ್ಲಿಸಿ ಅಂದಳು: "ಮತ್ತೊಬ್ಬಾಕಿ ಬಂದು ಗಂಡು ಹಡದ್ಲಂದ್ರ, ಈ ಕೂಸಿನ ಬಾಯಾಗ ಒಂದ ತುತ್ತ ಹಾಕವ್ರ್ಯಾರು? ನಿನಗ ಲಗ್ನಾ ಮಾಡಿ ಕಳಸ್ತಾರ. ಇದು ಎಲ್ಲಿಗಿ ಹೋಗಬೇಕು?" ನನಗಾಗ ಒಂಬತ್ತು ದಾಟಿತ್ತು. ಕಲ್ಲಿನ ಬಾಯಿಗೆ ಕಾಳು ಹಾಕುತ್ತ ಹೋದೆ.

ಆ ಚಳಿಗಾಲ ಊರಿಗೆ ಪ್ಲೇಗು ಬಂತು. ಬೈಲಹೊಂಗಲದಲ್ಲಿ ಇಲಿ ಬೀಳುತ್ತಿವೆ ಎಂಬ ಸುದ್ದಿ ಮೊದಲು ಬಂತು, ಎಂಟು ದಿನಕ್ಕೆ ನಾವು ಜೋಳ ತುಂಬಿಡುವ ಹಗೇವಿನ ಹತ್ತಿರವೇ ಎರಡು ಇಲಿ ಸತ್ತು ಬಿದ್ದವು. ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ನಾವೂ ಗಂಟುಮೂಟೆ ಕಟ್ಟಿದೆವು. ಆಗ ಆಯಿಗೆ ಒಂದು ಯೋಚನೆ ಬಂತು. ಸಾವು ಈಗ ಮನೆಮನೆ ಹೊಕ್ಕು ಹುಡುಕುತ್ತಿದೆ. ಬರೀ ಬಾಯಿಮಾತಿಗೆ "ಕುಂಬಾರರದು" ಎಂದರೆ ಅದು ನಂಬುತ್ತದೆಯೇ? ಕೂಸು ನಿಜವಾಗಿಯೂ ಕುಂಬಾರರ ಮನೆಯಲ್ಲಿರಬೇಕು.

"ನಿನ್ನ ಕೂಸನ್ನ ಬ್ಯಾನಿ ಹೋಗೂತನಕಾ ನಿನ್ನ ಮನ್ಯಾಗ ಇಟ್ಕೊ" ಎಂದು ಆಯಿ ಕುಂಬಾರಗಿತ್ತಿಗೆ ಹೇಳಿದಳು.

ಕೆರೆದಂಡೆ ಊರಿನಿಂದ ದೂರ, ಅಲ್ಲಿ ಇಲಿ ಬಿದ್ದಿರಲಿಲ್ಲ. ಕುಂಬಾರಗಿತ್ತಿ ತಲೆ ಕೆರೆದುಕೊಂಡಳು. "ಇರ್ಲೇಳ್ರಿ. ಆರ ಅದಾವು, ಏಳ ಆಗ್ತಾವು."

"ಎತ್ತಿಕೊಳ್ಳಾಕ ಒಬ್ಬರು ಬೇಕಲ್ಲರಿ, ಅತ್ತಿ. ಹುಡುಗೀನ ಜೋಡಿ ಕಳಸ್ರಿ" ಎಂದು ಅವ್ವ ಮೆಲ್ಲಗೆ ಸೇರಿಸಿದಳು. ಆಯಿ ಒಪ್ಪಿದಳು. ನನ್ನ ತಲೆಯ ಮೇಲೆ ಜೋಳದ ಹಿಟ್ಟಿನ ಗಂಟು ಹೊರಿಸಿ, "ರೊಟ್ಟಿ ಅವ್ರ ಒಲಿ ಮ್ಯಾಲ ಬಡೀಲಿ, ಹಿಟ್ಟು ಮಾತ್ರ ನಮ್ಮದಿರಲಿ. ಅದರ ಕಾಲು ನೆಲಕ್ಕ ಹತ್ತಿದ್ರ ನಿನ್ನ ಕಾಲು ಮುರೀತೇನಿ" ಎಂದು ಎಚ್ಚರಿಸಿ ಕಳಿಸಿದಳು.

ಕುಂಬಾರರ ಅಂಗಳದಲ್ಲಿ ನಾನು ತಮ್ಮನನ್ನು ಎತ್ತಿಕೊಂಡು ನಿಂತದ್ದು ಒಂದು ಮುಂಜಾನೆ ಮಾತ್ರ. ಎಲ್ಲರೂ ಕೆಲಸದಲ್ಲಿದ್ದರು. ಗಂಡ ಗಡಿಗೆ ತಿರುಗಿಸುವ ತಿಗರಿಯ ಮುಂದೆ, ದೊಡ್ಡ ಮಕ್ಕಳು ಕೆರೆಯ ಮಣ್ಣು ಹೊರುವುದರಲ್ಲಿ, ಸಣ್ಣವು ಕಸಕಡ್ಡಿ ಆರಿಸುವುದರಲ್ಲಿ. ಕುಂಬಾರಗಿತ್ತಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಏನಬೇ, ಕಂಬದಂಗ ನಿಂತಿ? ಇಳಸ ಅದನ್ನ. ಬಾ, ಮಣ್ಣ ತುಳಿ."

"ಇದರ ಕಾಲು ನೆಲಕ್ಕ ಹತ್ತಬಾರದಂತ" ಎಂದೆ.

"ಯಾರ ಕೂಸಿದು?"

"...ನಿಮ್ಮದು."

"ನಂದಾದ್ರ ನಾ ಹೇಳಿದಂಗ ಕೇಳ್ತೈತಿ. ಇಳಸ."

ಇಳಿಸಿದೆ. ಅವಳು ದೊಡ್ಡ ತಿಳಿವಳಿಕೆಯ ಹೆಂಗಸು, ಮಕ್ಕಳ ಮನಸ್ಸು ಬಲ್ಲವಳು ಎಂದೆಲ್ಲ ನಾನು ಹೇಳುವುದಿಲ್ಲ. ಅವಳಿಗೆ ಪುರಸೊತ್ತಿರಲಿಲ್ಲ, ಅಷ್ಟೆ. ತಮ್ಮ ಮೊದಲ ಸಲ ನೆಲದ ಮೇಲೆ ಕೂತು, ಕೆಂಡದ ಮೇಲೆ ಕೂರಿಸಿದವರ ಹಾಗೆ ಕಿರುಚಿದ. ಯಾರೂ ತಿರುಗಿ ನೋಡಲಿಲ್ಲ. ಅಲ್ಲಿ ದಿನಕ್ಕೆ ಹತ್ತು ಸಲ ಯಾವುದಾದರೂ ಒಂದು ಕಿರುಚುತ್ತಲೇ ಇರುತ್ತಿತ್ತು. ಅರ್ಧ ತಾಸು ಕಿರುಚಿದ, ದಣಿದ, ಸುಮ್ಮನಾದ. ಆಮೇಲೆ ಮಣ್ಣಿನಲ್ಲಿ ಬೆರಳು ತೂರಿಸಿ ನೋಡಿದ. ನಾನು ಹಸಿಮಣ್ಣು ತುಳಿಯುತ್ತ ಅಳುತ್ತಿದ್ದೆ. ಇವತ್ತಿಗೋ ನಾಳೆಗೋ ಇವನು ಸಾಯುತ್ತಾನೆ, ಆಯಿ ನನ್ನ ಕಾಲು ಮುರಿಯುತ್ತಾಳೆ ಎಂದೇ ತಿಳಿದಿದ್ದೆ. ಸಂಜೆ ಕೆರೆಗೆ ಎತ್ತಿಕೊಂಡು ಹೋಗಿ ಅವನ ಪಾದ ತಿಕ್ಕಿ ತಿಕ್ಕಿ ತೊಳೆದೆ. ಹಾಗೆ ಎಷ್ಟೋ ದಿನ ತೊಳೆದೆ.

ಅವನು ಸಾಯಲಿಲ್ಲ. ಬೆರಳು ತೋರಿಸುವುದನ್ನು ಮುಂದುವರಿಸಿದ, ಆದರೆ ಆ ಬೆರಳನ್ನು ನೋಡಲು ಅಲ್ಲಿ ಯಾರ ಕಣ್ಣಿಗೂ ಬಿಡುವಿರಲಿಲ್ಲ. ನಾಲ್ಕು ಮಾರು ದೂರದ ನೀರಿನ ಹರವಿಯ ಕಡೆಗೆ ಅವನು ಬೆರಳು ಚಾಚಿಕೊಂಡು ಕೂತೇ ಇರುತ್ತಿದ್ದ. ಕೊನೆಗೆ ಕುಂಡೆ ಎಳೆದುಕೊಂಡು ತಾನೇ ಹೋದ. ನಾನು ಎದ್ದು ಓಡಬೇಕೆಂದರೆ ಮೊಣಕಾಲುದ್ದ ಮಣ್ಣಿನಲ್ಲಿದ್ದೆ. ಹೋದವನು ಹರವಿಯನ್ನು ಮುಟ್ಟದೆ ಪಕ್ಕದಲ್ಲಿದ್ದ ಹಸಿ ಗಡಿಗೆಯನ್ನು ಹಿಡಿದ. ಅದು ಒಳಗೆ ತಗ್ಗಾಯಿತು.

ಕುಂಬಾರಗಿತ್ತಿ ಬಂದಳು. ಅವನ ಗದ್ದ ಹಿಡಿದು ಮುಖ ಮೇಲೆತ್ತಿ, ಕಣ್ಣಲ್ಲಿ ಕಣ್ಣಿಟ್ಟು ಬೈದಳು. "ಏ ಖೋಡಿ! ಕಣ್ಣ ಅದಾವೊ ಇಲ್ಲೊ? ಮುಂಜಾನಿಂದ ಬಡದದ್ದು ಹಾಳ ಮಾಡಿದ್ಯಲ್ಲೊ!"

ನಾನು ತಮ್ಮನ ಮುಖ ನೋಡುತ್ತಿದ್ದೆ. ಅವನು ಅಳಲಿಲ್ಲ. ಬಾಯಿ ತೆರೆದು ಅವಳನ್ನೇ ನೋಡುತ್ತಿದ್ದ, ಅವಳ ತುಟಿ, ಅವಳ ಹುಬ್ಬು. ಹುಟ್ಟಿದಾಗಿನಿಂದ ಯಾರೂ ಅವನ ಮುಖ ನೋಡಿ ಒಂದು ಮಾತಾಡಿರಲಿಲ್ಲ. ಆ ಮಾತು ಬೈಗುಳವಾದರೆ ಏನಂತೆ! ಮರುದಿನ ಅವನು ತೆವಳಿಕೊಂಡು ಹೋಗಿ ಇನ್ನೊಂದು ಗಡಿಗೆಯನ್ನು ಬೇಕೆಂದೇ ತಗ್ಗು ಮಾಡಿದ. ಮಾಡಿ, ಅವಳು ಬರುವ ದಾರಿ ನೋಡುತ್ತ ಕೂತ. ಅವಳು ಬಂದಳು, ಗದ್ದ ಹಿಡಿದಳು, ಬೈದಳು. ಅವನು ನಕ್ಕ. ಅವಳಿಗೂ ನಗು ತಡೆಯಲಾಗಲಿಲ್ಲ. ಐದಾರು ಗಡಿಗೆ ಹಾಳಾದ ಮೇಲೆ ಒಂದು ದಿನ ಅವಳ ಸ್ವಂತ ಮಗನೇ ಒಂದು ಗಡಿಗೆಯ ಮೇಲೆ ಬಿದ್ದ. ಅವಳು ಬಾಯಿ ತೆರೆಯುವ ಮೊದಲೇ ಅಂಗಳದ ಆ ಕಡೆಯಿಂದ ದೊಡ್ಡದಾಗಿ ಕೇಳಿಸಿತು: "ಖೋಡಿ!"

ತಿಗರಿ ನಿಂತಿತು. ಎಲ್ಲರೂ ನನ್ನ ತಮ್ಮನ ಕಡೆ ತಿರುಗಿದರು. ಮೂಕ ಎಂದು ಊರೆಲ್ಲ ಒಪ್ಪಿಕೊಂಡಿದ್ದ ಹುಡುಗನ ಮೊದಲ ಮಾತು ಅದು. ದೇವರ ಹೆಸರಲ್ಲ, ಅವ್ವ ಅಪ್ಪ ಅಲ್ಲ. ನಾನು ಮಣ್ಣುಗಾಲಲ್ಲೇ ಓಡಿಬಂದು ಅವನನ್ನು ಅಪ್ಪಿಕೊಂಡು ಅತ್ತೆ. ಅವನು ನನಗೂ "ಖೋಡಿ" ಎಂದ.

ಕಾಲು ಬರುವುದಕ್ಕೆ ಹೆಚ್ಚು ದಿನ ಹಿಡಿಯಿತು. ಅದರ ಪುಣ್ಯ ಕುಂಬಾರಗಿತ್ತಿಯ ಕೊನೆಯ ಮಗಳಿಗೆ ಸೇರಬೇಕು. ಎರಡು ವರ್ಷದ ಆ ಮಹಾತಾಯಿ ದಿನಾ ನನ್ನ ತಮ್ಮನ ಕೈಯ ರೊಟ್ಟಿ ಕಸಿದುಕೊಂಡು ಓಡುತ್ತಿದ್ದಳು. ಅವನು ಮೊದಮೊದಲು ಬೆರಳು ತೋರಿಸಿ ಅತ್ತ, ಆಮೇಲೆ ಬೈದ, ಆಮೇಲೆ ತೆವಳಿಕೊಂಡು ಬೆನ್ನು ಹತ್ತಿದ. ಒಣಗಲು ಬೋರಲು ಹಾಕಿದ ಗಡಿಗೆಗಳ ಸಾಲು ಹಿಡಿದು ಏಳಲು ಕಲಿತ. ಎದ್ದು ಬಿದ್ದು ಮೊಣಕಾಲು ಕೆತ್ತಿಕೊಂಡ. ಒಂದು ಮಧ್ಯಾಹ್ನ ಗಡಿಗೆಗಳನ್ನು ಬಿಟ್ಟು, ಕೈ ಅಗಲಿಸಿಕೊಂಡು, ಐದು ಹೆಜ್ಜೆ ನಡೆದುಹೋಗಿ ಅವಳ ಕೈಯಿಂದ ರೊಟ್ಟಿ ಕಿತ್ತುಕೊಂಡ. ಅಲ್ಲೇ ಕುಕ್ಕರಿಸಿ ತಿಂದ. ಹಸಿವು ಕಲಿಸಿದ್ದನ್ನು ಗುರು ಕಲಿಸಲಾರ.

ಸುಗ್ಗಿಯ ಹೊತ್ತಿಗೆ ಅವ್ವ ಬಂದಳು. ಬರುವಂತಿರಲಿಲ್ಲ, ಹೆತ್ತವರು ಹಿಂದೆ ಮುಂದೆ ಸುಳಿದರೆ ಸಾವಿಗೆ ಗುಟ್ಟು ತಿಳಿಯುತ್ತದೆಂದು ಆಯಿ ಕಟ್ಟುಮಾಡಿದ್ದಳು. ಹೊಲದ ಗುಡಿಸಲಲ್ಲಿ ಗಡಿಗೆ ಒಡೆಯಿತೆಂದು ನೆವ ಮಾಡಿಕೊಂಡು ಬಂದಿದ್ದಳು. ಒಡೆದವಳು ತಾನೇ ಎಂದು ಆಮೇಲೆ ನನಗೆ ಹೇಳಿದಳು.

ತಮ್ಮ ಆಗ ಅಂಗಳದಲ್ಲಿ ಒಂದು ಕೋಲು ಹಿಡಿದು ಕೋಳಿ ಓಡಿಸುತ್ತಿದ್ದ. ಅವ್ವ ಬೇಲಿಯ ಹತ್ತಿರವೇ ನಿಂತುಬಿಟ್ಟಳು. ಗಡಿಗೆ ಹೊರಲು ತಂದಿದ್ದ ಸಿಂಬಿ ಕೆಳಗೆ ಬಿತ್ತು. ಮಗ ನಾಲ್ಕು ಹೆಜ್ಜೆ ಓಡಿದ್ದನ್ನು ಕಂಡವಳೇ ಸರಕ್ಕನೆ ಸೆರಗಿನಿಂದ ಕಣ್ಣು ಮುಚ್ಚಿಕೊಂಡು ಬೆನ್ನು ತಿರುಗಿಸಿದಳು.

"ನಾ ನೋಡ್ಲಿಲ್ಲವಾ. ನೋಡ್ಲಿಲ್ಲ ನಾ" ಎಂದು ನನ್ನ ಕೈ ಹಿಡಿದುಕೊಂಡಳು. "ಎಷ್ಟ ದಿನಾ ಆತು?"

"ಇಪ್ಪತ್ತ ದಿನಾ ಆತು, ಯವ್ವಾ. ಮಾತೂ ಆಡ್ತಾನ."

"ಏನಂತಾನ?"

ಅದನ್ನು ಹೇಗೆ ಹೇಳಲಿ? "ಎಲ್ಲಾ ಅಂತಾನ" ಎಂದೆ. ಅಷ್ಟರಲ್ಲಿ ಅವನೇ ಹತ್ತಿರ ಬಂದು ಕೋಲಿನಿಂದ ಅವ್ವನ ಸೀರೆ ಮುಟ್ಟಿ, "ಇವರ ಯಾರ?" ಎಂದು ನನ್ನನ್ನು ಕೇಳಿದ. ಮುಖದ ಮೇಲೆ ಸೆರಗು ಮುಚ್ಚಿಸಿಕೊಂಡು ಹಾಲು ಕುಡಿದವನು, ಅವನಿಗೆ ಹೇಗೆ ಗೊತ್ತಾಗಬೇಕು? ಅವ್ವ ಗಡಿಗೆಯನ್ನೂ ಒಯ್ಯದೆ ಹೊಲದ ದಾರಿ ಹಿಡಿದಳು. ಅವಳ ಬೆನ್ನು ನೋಡುತ್ತ ನಾನು ಜೀವನದಲ್ಲಿ ಮೊದಲ ಸಲ ಆಯಿಯನ್ನು ಮನಸಾರೆ ಶಪಿಸಿದೆ.

ಯುಗಾದಿಗೆ ಮುಂಚೆ ಬೇನೆ ಇಳಿಯಿತು, ಜನ ಊರಿಗೆ ಮರಳಿದರು. ಕೂಸನ್ನು ಈಗಲೇ ತರುವುದು ಬೇಡ, ನಾಲ್ಕು ತುಂಬಲಿ, ಒಳ್ಳೆಯ ದಿನ ನೋಡಿ ತೌಡು ಕೊಟ್ಟು ತರೋಣ ಎಂದು ಆಯಿ ಕುಂಬಾರರಿಗೆ ಹೇಳಿಕಳಿಸಿದಳು. ಅವನು ನಡೆಯುತ್ತಾನೆಂದು ಅವಳಿಗೆ ಗೊತ್ತಿರಲಿಲ್ಲ. ನಾವೂ ಹೇಳಿರಲಿಲ್ಲ, ಹೇಳಿದರೆ ನನ್ನ ಕಾಲಿನ ಗತಿ ಏನು! ಅವ್ವನೂ ಬಾಯಿ ಬಿಟ್ಟಿರಲಿಲ್ಲ. ನಡೆಯುತ್ತಾನೆ ಎಂದು ಬಾಯಿಬಿಟ್ಟು ಹೇಳುವುದೆಂದರೇ ದೃಷ್ಟಿ ತಾಗಿಸುವುದು ಎಂದು ಅವಳೂ ನಂಬಿದ್ದಳು. ಅದೇ ವಾರ ಕುಂಬಾರಗಿತ್ತಿ ಗಡಿಗೆ ಸುಡುವ ಆವಿಗೆಗೆ ಬೆಂಕಿ ಹಚ್ಚುವ ಗಡಿಬಿಡಿಯಲ್ಲಿದ್ದಳು. ನಮ್ಮಿಬ್ಬರನ್ನೂ ಬೆಂಕಿಯ ಹತ್ತಿರ ಇಟ್ಟುಕೊಳ್ಳಲು ಅವಳಿಗೆ ಮನಸ್ಸಿರಲಿಲ್ಲ.

"ನಡೀರಿ ಮನೀಗೆ. ನನಗ ಇವತ್ತ ನೂರಾಎಂಟ ಕೆಲಸ ಅದಾವು. ಬೇಕಂದ್ರ ನಾಳಿಗಿ ಬರ್ರಿ" ಎಂದು ಅಟ್ಟಿದಳು.

ಹೀಗೆ ನಾವು ಅಕ್ಕ ತಮ್ಮ ಕೈ ಹಿಡಿದುಕೊಂಡು ನಡೆದು ಬಂದೆವು. ಮನೆ ಮುಂದೆ ಯಾರದೋ ಚಕ್ಕಡಿ ನಿಂತಿತ್ತು. ಪಡಸಾಲೆಯಲ್ಲಿ ಜಮಖಾನೆ ಹಾಸಿ, ದೊಡ್ಡ ರುಮಾಲಿನ ಹಿರಿಯರೊಬ್ಬರು ಕೂತಿದ್ದರು. ರಾಮದುರ್ಗದ ಕಡೆಯ ಹುಡುಗಿಯ ಸೋದರಮಾವ ಎಂದು ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮ ಪಿಸುಗುಟ್ಟಿದಳು. ಮಾತು ಪಕ್ಕಾ ಮಾಡಿಕೊಂಡು ಹೋಗಲು ಬಂದಿದ್ದರು. ಅವರ ಎದುರಿಗೆ ಆಯಿ, ಪಕ್ಕದಲ್ಲಿ ಕಾಕಂದಿರು, ಕಂಬಕ್ಕೆ ಒರಗಿ ಅಪ್ಪ. ಅವ್ವ ಒಳಗೆ ಅಡಿಗೆಮನೆಯಲ್ಲಿ.

ತಮ್ಮ ನನ್ನ ಕೈ ಬಿಡಿಸಿಕೊಂಡು ಹೊಸ್ತಿಲು ದಾಟಿ ಒಳಗೆ ನಡೆದ.

ಆಯಿಯ ಮುಖವನ್ನು ನಾನು ಹೇಗೆ ಬಣ್ಣಿಸಲಿ? ಬಾಯಿ ತೆರೆಯಿತು, ಮುಚ್ಚಲಿಲ್ಲ. ಅಪ್ಪ ಕಂಬ ಬಿಟ್ಟು ನೆಟ್ಟಗೆ ನಿಂತ. ತಮ್ಮ ಯಾರ ಪರಿವೆಯೂ ಇಲ್ಲದೆ ಜಮಖಾನೆಯ ಅಂಚಿಗೆ ಬಂದು ನಿಂತು ಆ ದೊಡ್ಡ ರುಮಾಲನ್ನು ನೋಡತೊಡಗಿದ. ಬಂದವರಿಗೆ ಮೋಜೆನಿಸಿರಬೇಕು. "ಭಪ್ಪರೆ! ಯಾರ ಮಗಾನಪಾ ನೀನು?" ಎಂದು ಕೇಳಿದರು.

"ಕುಂಬಾರವ್ವನ ಮಗ" ಎಂದ ತಮ್ಮ, ಗಂಟೆ ಹೊಡೆದ ಹಾಗೆ.

ಅವರು ನಕ್ಕು ತಲೆಯಾಡಿಸಿ ಮತ್ತೆ ಆಯಿಯ ಕಡೆ ತಿರುಗಿದರು. ಅವರ ಪಾಲಿಗೆ ಮಾತು ಅಲ್ಲಿಗೆ ಮುಗಿದಿತ್ತು. ನಾನು ಆಯಿಯನ್ನೇ ನೋಡುತ್ತಿದ್ದೆ. ನಮ್ಮದು ಎಂದರೆ ಇಷ್ಟು ವರ್ಷ ಮುಚ್ಚಿಟ್ಟ ಕೂಸು ನೆಲದ ಮೇಲೆ ನಡೆದಾಡುತ್ತಿರುವಾಗಲೇ ಸಾವಿನ ಕಣ್ಣಿಗೆ ಬೀಳುತ್ತದೆ. ನಮ್ಮದಲ್ಲ ಎಂದರೆ ಮದುವೆ ನಡೆಯುತ್ತದೆ, ಅವ್ವ ಮೂಲೆಗೆ ಬೀಳುತ್ತಾಳೆ, ನಡೆದಾಡುವ ಮಾತಾಡುವ ಮೊಮ್ಮಗ ಕುಂಬಾರರವನಾಗಿಯೇ ಉಳಿಯುತ್ತಾನೆ. ಆ ಮುದುಕಿ ಎರಡನ್ನೂ ಅನ್ನಲಾರದೆ ಕೂತಿದ್ದಳು. ಅಪ್ಪ ಎಂದಿನಂತೆ ತಲೆ ಬಗ್ಗಿಸಿದ.

ಆಗ ಅಡಿಗೆಮನೆಯ ಬಾಗಿಲಿನಿಂದ ಅವ್ವ ಹೊರಗೆ ಬಂದಳು. ನಮ್ಮ ಮನೆಯ ಸೊಸೆಯಂದಿರು ಪರಗಂಡಸರ ಎದುರು ಪಡಸಾಲೆಗೆ ಬಂದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ತಲೆಯ ಮೇಲೆ ಸೆರಗಿತ್ತು, ಕೈಗೆ ಹಿಟ್ಟು ಮೆತ್ತಿತ್ತು.

"ನಂದರಿ ಅದು" ಎಂದಳು. "ನಾ ಹಡದದ್ದು."

ಬಂದವರು ಅವ್ವನನ್ನು ನೋಡಲಿಲ್ಲ, ಆಯಿಯನ್ನು ನೋಡಿದರು. "ಏನ್ರಿ ಇದು? ಗಂಡುಸಂತಾನ ಇಲ್ಲಂತ ಹೇಳಿಕಳಿಸಿದ್ರಿ. ಈ ಹುಡುಗ ನಿಮ್ಮದ ಹೌದೊ ಅಲ್ಲೊ?"

ಆಯಿ ತಮ್ಮನ ಕಾಲುಗಳನ್ನು ನೋಡುತ್ತಿದ್ದಳು. ದಾರಿಯ ಧೂಳು ಮೊಣಕಾಲಿನವರೆಗೆ ಹತ್ತಿತ್ತು.

"ಹೌದ್ರಿ" ಎಂದಳು ಕೊನೆಗೆ. "ಇದ್ದೂ ಇಲ್ಲದಂಗ ಇತ್ತು. ಈಗ ಐತಿ."

ಅವರಿಗೆ ಸಿಟ್ಟು ಬಂದದ್ದು ಸಹಜ. ದೂರದಿಂದ ಚಕ್ಕಡಿ ಕಟ್ಟಿಕೊಂಡು ಬಂದಿದ್ದರು. ಗಂಡುಮಗ ಇದ್ದ ಮನೆಗೆ ಎರಡನೆಯವಳಾಗಿ ನಮ್ಮ ಹುಡುಗಿಯನ್ನು ಕೊಡುವಷ್ಟು ಬಡತನ ನಮಗೆ ಬಂದಿಲ್ಲ ಎಂದು ಹೇಳಿ, ಕೊಟ್ಟ ನೀರನ್ನೂ ಕುಡಿಯದೆ ಎದ್ದರು. ಕಾಕಂದಿರು ಚಕ್ಕಡಿಯವರೆಗೆ ಬೇಡಿಕೊಳ್ಳುತ್ತ ಹೋದರು. ಅಪ್ಪ ಹೋಗಲಿಲ್ಲ. ಅಷ್ಟರ ಮಟ್ಟಿಗೆ ಅವನನ್ನು ನಾನು ಕ್ಷಮಿಸಿದ್ದೇನೆ.

ಚಕ್ಕಡಿಯ ಸದ್ದು ದೂರವಾದ ಮೇಲೆ ಆಯಿ ಎದ್ದು ಅವ್ವನ ಎದುರು ನಿಂತಳು. ಹೊಡೆಯುತ್ತಾಳೆ ಎಂದುಕೊಂಡೆ ನಾನು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಪಾಪ, ಅವಳು ಅವನನ್ನು ನಮ್ಮೆಲ್ಲರಿಗಿಂತ ಹೆಚ್ಚು ಪ್ರೀತಿಸಿದವಳು. ಅದನ್ನು ನಾನು ಯಾವತ್ತೂ ಇಲ್ಲವೆನ್ನುವುದಿಲ್ಲ.

"ಹತ್ತ ಮಂದಿ ಮುಂದ ನಂದು ಅಂದಿ" ಎಂದಳು. "ಇನ್ನ ಅದಕ್ಕ ಏನರ ಆದ್ರ?"

"ಆಗೂದಿದ್ರ ನನ್ನ ಕೈಯಾಗ ಆಗ್ಲಿರಿ, ಅತ್ತಿ" ಎಂದಳು ಅವ್ವ. "ಮೊದಲಿನವು ಎರಡು ಹೋದ್ವು. ಮನಿ ಕೆಲಸದಾಗ ಒಂದರ ಮುಖಾನೂ ನಾ ಮನಸ್ಸ ತುಂಬ ನೋಡಿರ್ಲಿಲ್ಲ."

ಆಯಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಬಗ್ಗಿ ತಮ್ಮನನ್ನು ಎತ್ತಿ, ತನ್ನ ಸೊಂಟಕ್ಕೆ ಇಟ್ಟುಕೊಳ್ಳದೆ, ಎಲ್ಲರ ಎದುರಿಗೆ ಅವ್ವನ ತೋಳಿಗೆ ಕೊಟ್ಟಳು.

ಅವ್ವ ಹಿಟ್ಟಿನ ಕೈಯಲ್ಲೇ ಅವನನ್ನು ಎದೆಗೆ ಹಿಡಿದುಕೊಂಡಳು. ಸೆರಗು ಹಿಂದೆ ಸರಿಸಿ ಅವನ ಮುಖ ನೋಡಿದಳು. ಹಣೆ, ಕಣ್ಣು, ಮೂಗು, ಗದ್ದದ ಮೇಲಿನ ಒಣಗಿದ ಮಣ್ಣು. ಅವನೂ ಅವಳನ್ನು ನೋಡಿದ, ಕುತೂಹಲದಿಂದ, ಹೊಸಬರನ್ನು ನೋಡುವ ಹಾಗೆ. ಆಮೇಲೆ ಕಾಲು ಬಡಿಯತೊಡಗಿದ.

"ಇಳಸ" ಎಂದ.

ಅವ್ವ ಅವನನ್ನು ಕೆಳಗೆ ಇಳಿಸಿದಳು.